ನಾಲ್ಕನೆಯ ಮೆಟ್ಟಿಲು

“ಮೌಶಿ, ಮನ್ಯಾಗ ನೀ ಎಲ್ಲಿ ಕೂಡ್ತಿ?”

ಸಪ್ನಾ ಕೇಳಿದ ಮೊದಲ ಪ್ರಶ್ನೆಯೇ ಇದು. ಗೋಡೆಗೆ ಯಾವ ಬಣ್ಣ, ಸೋಫಾ ಎಷ್ಟು ಉದ್ದ, ಪರದೆ ಎಂಥದ್ದು ಎಂದು ಕೇಳುತ್ತಾಳೆಂದುಕೊಂಡು ನಾನು ನಾಲ್ಕು ದಿನದಿಂದ ಉತ್ತರಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಎಲ್ಲಾ ಕಡೆ ಕೂಡುತ್ತೇನೆ ಎಂದೆ.

“ಎಲ್ಲಾ ಕಡಿ ಕೂಡ್ಲಕ್ಕ ನೀ ಏನ್ ನೊಣಾ ಇದ್ದೀ ಏನ್?” ಅಂದಳು.

ಸಪ್ನಾ ನನ್ನ ತಂಗಿಯ ಮಗಳು. ಲಾತೂರಿನಲ್ಲಿ ಇಂಟೀರಿಯರ್ ಡಿಸೈನಿನ ಡಿಪ್ಲೊಮಾ ಮಾಡಿ, ಉದಗೀರದಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಆಫೀಸು ತೆಗೆದಿದ್ದಾಳೆ. ಅಲ್ಲಿಂದ ನಿಲಂಗಾಕ್ಕೆ ಬಂದು, ಬಸ್ಸು ಬದಲಿಸಿ, ಮಹಾರಾಷ್ಟ್ರದ ಗಡಿಯ ನಮ್ಮ ಉಮರ್ಗಾ ತಲುಪುವಷ್ಟರಲ್ಲಿ ಆಕೆಯ ಮುಖದ ತುಂಬ ಧೂಳು. ಆದರೂ ಬಂದ ಕೂಡಲೇ ಚಹಾ ಸಹ ಕುಡಿಯದೆ ಇಂಥ ಪ್ರಶ್ನೆ ಕೇಳುವ ಹುಡುಗಿ.

ಆಕೆ ಬಂದದ್ದು ನಮ್ಮ ಹೊಸ ಫ್ಲ್ಯಾಟಿನ ಒಳಗನ್ನು ಹೊಂದಿಸಿಕೊಡಲು. ನಾವು ಫ್ಲ್ಯಾಟು ತಗೊಂಡಿದ್ದು ಜಗಳವಾಡಿ ಅಲ್ಲ. ಭಾವನವರ ಮಗನ ಮದುವೆ ಗೊತ್ತಾಗಿತ್ತು, ಎಲ್ಲರೂ ಕೂಡಿದ್ದ ಹಳೆ ಮನೆಯಲ್ಲಿ ಕೋಣೆಗಳು ಸಾಲದಾಗಿದ್ದವು. ನನ್ನ ಗಂಡ ಗುರುಲಿಂಗ ಪಕ್ಕದ ಹಳ್ಳಿ ದಾಳಿಂಬದ ಶಾಲೆಯಲ್ಲಿ ಮಾಸ್ತರ. ಊರ ಹೊರಗೆ ಹೈವೇ ಬದಿಗೆ ಹೊಸ ಕಟ್ಟಡ ಎದ್ದಾಗ, ಮೂರನೆಯ ಮಹಡಿಯಲ್ಲಿ ಎರಡು ಮಲಗುವ ಕೋಣೆಯ ಒಂದು ಮನೆ ನಮ್ಮದಾಯಿತು. ಅತ್ತೆ ಚಂಪಾಬಾಯಿ ಕಿರಿಯ ಮಗನ ಜೊತೆ ಬರುತ್ತೇನೆಂದು ತಾವೇ ಹೇಳಿದರು. ಯಾಕೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಒಂದು ಕೋಣೆ ನಮ್ಮಿಬ್ಬರಿಗೆ, ಇನ್ನೊಂದು ಅತ್ತೆಗೆ, ರಜೆಗೆ ಮಗಳು ಕಾಜಲ ಬಂದರೆ ಅಜ್ಜಿಯ ಜೊತೆ ಮಲಗುತ್ತಾಳೆ. ಅಲ್ಲಿಗೆ ಲೆಕ್ಕ ಸರಿಹೋಯಿತು. ನನಗೆ ಬೇಕಾಗಿದ್ದು ಒಂದೇ, ಖಾಲಿ ಗೋಡೆ. ಹಳೆ ಮನೆಯಲ್ಲಿ ಬರಿ ಗೋಡೆ ಎಂಬುದೇ ಇರಲಿಲ್ಲ. ಒಂದು ಕಡೆ ಹೆಸರು ಕೊರೆಸಿದ ಕೊಡ, ಪರಾತ, ತಂಬಿಗೆಗಳ ಸಾಲು. ಇನ್ನೊಂದು ಕಡೆ ಹೋದವರ ಫೋಟೋಗಳು. ಉಳಿದಲ್ಲಿ ಮೊಳೆ, ಮೊಳೆಗೆ ಅಂಗಿ, ಅಂಗಿಯ ಹಿಂದೆ ಮೂರು ವರ್ಷದ ಹಿಂದಿನ ಕ್ಯಾಲೆಂಡರು. ಇಪ್ಪತ್ತಾರು ವರ್ಷ ನನ್ನ ಕಣ್ಣು ಯಾವುದಾದರೊಂದಕ್ಕೆ ತಾಗಿಕೊಂಡೇ ಇತ್ತು. ಇದನ್ನು ಸಪ್ನಾಳಿಗೆ ಹೇಳಿದಾಗ ಆಕೆಗೆ ಸಂತೋಷವಾಯಿತು. ಇದಕ್ಕೆ ಮಿನಿಮಲ್ ಅನ್ನುತ್ತಾರೆ ಮೌಶಿ, ಆದರೆ ಬರೇ ಖಾಲಿ ಮಾಡಿದರೆ ಮನೆ ದವಾಖಾನೆ ಆಗುತ್ತದೆ, ಖಾಲಿಯೂ ಇರಬೇಕು ಬೆಚ್ಚಗೂ ಇರಬೇಕು ಎಂದಳು. ಫೋನಿನಲ್ಲಿ ಚಿತ್ರಗಳನ್ನು ತೋರಿಸಿದಳು. ಬಿಳಿ ಸೋಫಾ, ಗಾಜಿನ ಬಾಟಲಿಯಲ್ಲಿ ಒಂದೇ ಎಲೆ, ನೆಲದ ಮೇಲೆ ಬಿಸಿಲು. ಯಾವ ಚಿತ್ರದಲ್ಲೂ ಮನುಷ್ಯರಿರಲಿಲ್ಲ. ಯಾವುದು ಇಷ್ಟ ಎಂದು ಕೇಳಿದಳು. ಎಲ್ಲವೂ ಚೆಂದ ಕಂಡವು. ಒಂದರೊಳಗೂ ನಾನು ಕಾಣಲಿಲ್ಲ.

ಹೋಗುವಾಗ ನನಗೊಂದು ಕೆಲಸ ಹಚ್ಚಿದಳು. ಎಂಟು ದಿನ, ಮನೆಯಲ್ಲಿ ನಾನು ಎಲ್ಲೆಲ್ಲಿ ಕೂಡುತ್ತೇನೆ ಎಂದು ಬರೆದಿಡಬೇಕು. ಪ್ರತಿ ಮನೆಯಲ್ಲೂ ಆಕೆ ಹೀಗೇ ಮಾಡಿಸುತ್ತಾಳಂತೆ.

ಕಾಜಲಳ ಹಳೆಯ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆಯತೊಡಗಿದೆ. ಸೋಮವಾರ: ಒಲೆಯ ಮುಂದಿನ ಮಣೆ. ಬಟ್ಟೆ ಒಗೆಯುವ ಕಲ್ಲು. ತೊಗರಿ ಹಸನು ಮಾಡುವಾಗ ಕಂಬದ ಬುಡ. ಬೋರಲು ಹಾಕಿದ ಎಣ್ಣೆ ಡಬ್ಬಿ. ಮಂಗಳವಾರವೂ ಅದೇ, ಜೊತೆಗೆ ಹೊಸ್ತಿಲು. ಹೊಸ್ತಿಲ ಮೇಲೆ ಕೂಡಬಾರದೆಂದು ಅತ್ತೆ ಎಬ್ಬಿಸಿದರು ಎಂದು ಅದನ್ನೂ ಬರೆದೆ. ಬುಧವಾರ ಬರೆಯುವಾಗ ಒಂದು ಮಾತು ಹೊಳೆಯಿತು. ಇವೆಲ್ಲ ನಾನು ಕುಳಿತ ಜಾಗಗಳೇ ಅಲ್ಲ. ಅಲ್ಲಿ ಕೆಲಸ ಇತ್ತು, ಕೆಲಸ ಕೆಳಗಿತ್ತು, ಅದಕ್ಕೆ ನಾನೂ ಕೆಳಗಾಗಿದ್ದೆ. ಅಷ್ಟೆ.

ಬರೆಯದೆ ಬಿಟ್ಟದ್ದೂ ಒಂದಿತ್ತು. ಮಾಳಿಗೆಗೆ ಹೋಗುವ ಮೆಟ್ಟಿಲುಗಳಲ್ಲಿ ನಾಲ್ಕನೆಯದು. ಮಧ್ಯಾಹ್ನ ಭಾಂಡಿ ತೊಳೆದಾದ ಮೇಲೆ, ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಬೆನ್ನಿಗೆ ಗೋಡೆ, ಕಾಲಿಗೆ ಕೆಳಗಿನ ಮೆಟ್ಟಿಲು. ಮೇಲಿನ ಗವಾಕ್ಷಿಯಿಂದ ಮೊಣಕಾಲ ಮೇಲೆ ಬಿಸಿಲು ಬೀಳುತ್ತಿತ್ತು, ಬೇಸಿಗೆಯಲ್ಲಿ ಸಹ ಅಲ್ಲಿ ಗಾಳಿ. ಅಂಗಳದಲ್ಲಿ ನಿಂತವರಿಗೆ ನಾನು ಕಾಣುವುದಿಲ್ಲ, ನನಗೆ ಅವರ ತಲೆಗಳು ಕಾಣುತ್ತವೆ. ಅಲ್ಲಿ ನಾನು ಏನೂ ಮಾಡುತ್ತಿರಲಿಲ್ಲ. ಅದಕ್ಕೇ ಇರಬೇಕು, ಬರೆಯುವುದಕ್ಕೆ ಕೈ ಬರಲಿಲ್ಲ. ಎಂಟನೆಯ ದಿನ, ಹಾಳೆಯ ಕೊನೆಗೆ ಸಣ್ಣ ಅಕ್ಷರದಲ್ಲಿ ಬರೆದೆ: ನಾಲ್ಕನೆಯ ಮೆಟ್ಟಿಲು. ಬರೆದ ಮೇಲೆ ಕಳವು ಒಪ್ಪಿಕೊಂಡಂತಾಯಿತು.

ಸಪ್ನಾ ಎರಡನೆಯ ಸಲ ಬಂದಾಗ ನಾವೆಲ್ಲ ಫ್ಲ್ಯಾಟಿಗೆ ಹೋದೆವು. ಆಕೆ ಫೋನಿನಲ್ಲಿ ತೋರಿಸುವ ನಕ್ಷೆ ನಮಗೆ ಯಾರಿಗೂ ತಿಳಿಯುವುದಿಲ್ಲವೆಂದು ಆಕೆಗೆ ಗೊತ್ತಾಗಿತ್ತು. ಚೀಲದಿಂದ ರಂಗೋಲಿ ಪುಡಿಯ ಡಬ್ಬಿ ತೆಗೆದು, ಟೇಪು ಹಿಡಿದು, ಬಿಳಿ ಟೈಲ್ಸಿನ ಮೇಲೆ ಕೆಂಪು ರಂಗೋಲಿಯಿಂದ ಇಡೀ ಮನೆಯನ್ನು ಇದ್ದ ಅಳತೆಯಲ್ಲೇ ಬರೆದಳು. ಇದು ಸೋಫಾ, ಇದು ಊಟದ ಮೇಜು, ಇದು ಅಜ್ಜಿಯ ಮಂಚ. ಈಗ ಇದರೊಳಗೆ ಓಡಾಡಿ ನೋಡಿ, ಗೆರೆ ತುಳಿಯಬೇಡಿ ಎಂದಳು.

ಗುರುಲಿಂಗ ಮಾಸ್ತರರು ಸಂಕೋಚದಿಂದ ಸೋಫಾ ದಾಟಿ, ಮೇಜು ಬಳಸಿ, ಬಚ್ಚಲ ಬಾಗಿಲಿಗೆ ಹೋಗಿ ನಿಂತರು. ಅಲ್ಲಿಂದ ಹೊರಬರುವ ದಾರಿ ಯಾವುದೆಂದು ಸಪ್ನಾಳನ್ನು ಕೇಳಿದರು. ನಾನು ಎರಡು ಸಲ ಮೇಜಿಗೆ ಎಡವಿದೆ. ಇಲ್ಲದ ಮೇಜಿಗೆ ಎಡವುವುದು ಹೇಗೋ ತಿಳಿಯದು, ಕಾಲ ಕೆಳಗೆ ಗೆರೆ ಕೆಟ್ಟಿತ್ತು.

ಅತ್ತೆ ಬಾಗಿಲಲ್ಲೇ ನಿಂತು ಎಲ್ಲ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: “ದೇವರು ಎಲ್ಲಿ?”

ಸಪ್ನಾ ಅಡುಗೆಮನೆಯ ಪಕ್ಕದ ಗೋಡೆ ತೋರಿಸಿದಳು. ಅಲ್ಲೊಂದು ಕಪಾಟು ಬರುತ್ತದೆ, ಬಾಗಿಲು ತೆಗೆದರೆ ದೇವರು, ಪೂಜೆ ಮುಗಿದ ಮೇಲೆ ಮುಚ್ಚಿದರೆ ಗೋಡೆ ಸಾಫು. ಗಾಳಿಯಲ್ಲಿ ಬಾಗಿಲು ತೆಗೆದು ಮುಚ್ಚಿಯೂ ತೋರಿಸಿದಳು. ಅತ್ತೆಯ ಕೊರಳಲ್ಲಿ ಲಿಂಗವಿದೆ, ನನ್ನ ಕೊರಳಲ್ಲೂ ಇದೆ; ನಮ್ಮ ಮಂದಿಗೆ ಅಸಲು ದೇವರ ಕೋಣೆ ಬೇಕಿಲ್ಲ ಎನ್ನುವವರುಂಟು. ಆದರೆ ಹಳೆ ಮನೆಯ ಎರಡು ಮೆಟ್ಟಿಲಿನ ದೇವರ ಜಗಲಿಯ ಮೇಲೆ ಮೈಲಾರಲಿಂಗ, ತುಳಜಾಪುರದ ಅಂಬಾಬಾಯಿ, ವೀರಭದ್ರ ಎಲ್ಲರೂ ಕುಳಿತಿದ್ದಾರೆ. ಅವರಲ್ಲಿ ಅತ್ತೆಯ ಪಾಲಿಗೆ ಬಂದವರನ್ನು ಇಲ್ಲಿಗೆ ತರಬೇಕು. ಅತ್ತೆ ಸಪ್ನಾಳ ಗಾಳಿಯ ಬಾಗಿಲನ್ನು ನೋಡುತ್ತ ಸುಮ್ಮನಾದರು. ಅವರು ಸುಮ್ಮನಾದರೆ ಒಪ್ಪಿದರೆಂದು ಗಂಡಸರು ತಿಳಿಯುತ್ತಾರೆ.

ನನ್ನ ನೋಟುಬುಕ್ಕನ್ನು ಸಪ್ನಾ ಬಸ್‌ಸ್ಟ್ಯಾಂಡಿನಲ್ಲಿ ಓದುತ್ತೇನೆಂದು ಚೀಲಕ್ಕೆ ಹಾಕಿಕೊಂಡಳು. ಅವಳನ್ನು ಬಿಡಲು ಹೊರಟ ಮಾಸ್ತರರು ಅತ್ತೆಯನ್ನು ಕೆಳಗೆ ಆಟೋದಲ್ಲಿ ಕೂರಿಸಿದರು. ಹಾಲ್‌ನ ನೆಲದ ರಂಗೋಲಿ ಪೊರಕೆಯಿಂದ ಬಳಿದು ಬೀಗ ಹಾಕಿಕೊಂಡು ಬಾ ಎಂದು ನನಗೆ ಹೇಳಿದರು.

ಒಬ್ಬಳೇ ಉಳಿದೆ. ಮಧ್ಯಾಹ್ನ ಮೂರೂವರೆ ಇರಬೇಕು. ಹಾಲಿನ ಕಿಟಕಿ ಮೂಡಣಕ್ಕೆ, ಅದರಾಚೆ ಒಂದು ತೊಗರಿ ಹೊಲ, ಹೊಲದಾಚೆ ದಾಳಿಂಬದ ದಾರಿ. ಹೊಲದ ಬದಿಗೆ ಎದ್ದ ಎದುರಿನ ಕಟ್ಟಡದ ಗಾಜಿಗೆ ಬಿದ್ದ ಬಿಸಿಲು ತಿರುಗಿ ಬಂದು ನಮ್ಮ ನೆಲದ ಮೇಲೆ ಬಿದ್ದಿತ್ತು. ಪೊರಕೆ ಹಿಡಿದು ನಿಂತವಳು, ಕಿಟಕಿಯ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಕುಳಿತೆ. ಕಾಲು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಕೆಳಗಿನ ಮೆಟ್ಟಿಲು ಇಲ್ಲವಲ್ಲ.

ಸಪ್ನಾ ಬಿಟ್ಟುಹೋದ ಡಬ್ಬಿಯಲ್ಲಿ ಅರ್ಧ ರಂಗೋಲಿ ಇತ್ತು. ಕುಳಿತಲ್ಲೇ ನನ್ನ ಸುತ್ತ ಒಂದು ಗೆರೆ ಎಳೆದೆ. ಎದ್ದು ನೋಡಿದರೆ ಸೊಟ್ಟಗೆ, ಕೋಳಿಯ ಗೂಡಿನಂತೆ ಕಂಡಿತು. ಅಳಿಸಿ, ಮೊಳ ಹಾಕಿ, ನೇರ ಎಳೆದೆ. ಗೋಡೆಗೆ ಹತ್ತಿಕೊಂಡು ಎರಡು ಮೊಳ ಉದ್ದ, ಒಂದು ಮೊಳ ಅಗಲ. ಅದರ ಮುಂದೆ ಕಾಲಿಗೆ ಅರ್ಧ ಮೊಳದ ಇನ್ನೊಂದು ಪಟ್ಟಿ. ಹಾಲಿನ ಉಳಿದ ಗೆರೆಗಳನ್ನೆಲ್ಲ ಬಳಿದೆ. ಇದನ್ನು ಕೊನೆಗೆ ಬಳಿದರಾಯಿತೆಂದು ಬಿಟ್ಟೆ. ಕೊನೆಗೂ ಬಳಿಯಲಿಲ್ಲ. ಒಂದು ರಾತ್ರಿ ಇರಲಿ, ಯಾರು ನೋಡುತ್ತಾರೆ ಎಂದುಕೊಂಡು ಬೀಗ ಹಾಕಿದೆ. ಮನೆಗೆ ಬರುವವರೆಗೆ ಎರಡು ಸಲ ಹಿಂದೆ ತಿರುಗಿ ನೋಡಿದೆ. ಯಾವುದಕ್ಕೆ ಅಷ್ಟು ಹೆದರಿದೆನೋ ಈಗಲೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಲೈಟಿನ ಮೀಟರು ಕೂಡಿಸುವವರು ಬರುತ್ತಾರೆಂದು ಮಾಸ್ತರರು ಫ್ಲ್ಯಾಟಿಗೆ ಹೊರಟರು. ನಾನೂ ಬರುತ್ತೇನೆಂದು ಅತ್ತೆ ಆಟೋ ಹತ್ತಿದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಗೆರೆಯ ನೆನಪಾದಾಗ ಆಟೋ ಹೋಗಿ ಕಾಲು ಗಂಟೆಯಾಗಿತ್ತು. ಅವರಿಗೆ ಫೋನು ಮಾಡಿ ನೆಲ ಬಳಿಯಿರಿ ಎಂದು ಹೇಳಲೇ ಎಂದುಕೊಂಡೆ. ಮಾಸ್ತರರು ಯಾಕೆ ಎಂದು ಕೇಳದೆ ಪೊರಕೆ ಹಿಡಿಯುವವರಲ್ಲ. ಫೋನು ಹಾಗೇ ಬಿಟ್ಟೆ. ತವೆಯ ಮೇಲಿನ ರೊಟ್ಟಿ ಸೀದಿತು.

ಹನ್ನೊಂದಕ್ಕೆ ಅತ್ತೆ ಬಂದರು. ಅವರ ಮುಖದಲ್ಲಿ ನಾನು ಎಂದೂ ಕಾಣದ ಏನೋ ಇತ್ತು. ನೇರ ಅಡುಗೆಮನೆಗೆ ಬಂದು, ನನ್ನ ಕೈ ಹಿಟ್ಟಾಗಿರುವಾಗಲೇ ನನ್ನ ಗದ್ದ ಹಿಡಿದರು.

“ಖರೇ ಸೊಸಿ ನೀ,” ಅಂದರು. “ಆ ಹುಡುಗಿ ದೇವರಿಗಿ ಕಪಾಟಿನ್ಯಾಗ ಹಾಕಿ ಕದಾ ಬಡಿತೀನಿ ಅಂದಾಗ ನನ್ನ ಜೀವ ಹ್ಯಾಂಗ ಆಗಿತ್ತು, ನಿನಗ ತಿಳೀತಲ್ಲ.”

ನನಗೆ ಏನೂ ತಿಳಿಯಲಿಲ್ಲ. ನಿಧಾನಕ್ಕೆ ತಿಳಿಯಿತು. ಕಿಟಕಿಯ ಕೆಳಗೆ, ಮೂಡಣ ಬೆಳಕಿನಲ್ಲಿ, ಎರಡು ಹಂತದ ಚೌಕ. ಮೇಲಿನದು ದೊಡ್ಡದು, ಮುಂದಿನದು ಸಣ್ಣದು. ಅತ್ತೆ ಅದನ್ನು ಜಗಲಿ ಎಂದು ತಿಳಿದಿದ್ದರು. ಸೊಸೆ ತಾನೇ ಮುಂದಾಗಿ, ಯಾರೂ ಇಲ್ಲದಾಗ, ದೇವರಿಗೆ ಇಡೀ ಮನೆಯಲ್ಲಿ ಅತಿ ಚೆಂದದ ಜಾಗ ಹುಡುಕಿ ಗುರುತು ಹಾಕಿದ್ದಾಳೆ! ಅತ್ತೆಯ ಸೊಂಟದ ಚಂಚಿಯಲ್ಲಿ ಅಡಿಕೆಯ ಜೊತೆ ವಿಭೂತಿ ಮತ್ತು ಮೈಲಾರಲಿಂಗನ ಅರಿಶಿನದ ಭಂಡಾರ ಯಾವಾಗಲೂ ಇರುತ್ತವೆ. ಚೌಕದ ನಾಲ್ಕು ಮೂಲೆಗೂ ಭಂಡಾರ ಇಟ್ಟು, ನಡುವೆ ವಿಭೂತಿ ಎಳೆದು, ಮಗನನ್ನು ಕೆಳಗಿನ ಅಂಗಡಿಗೆ ಓಡಿಸಿ ತೆಂಗಿನಕಾಯಿ ತರಿಸಿ ಒಡೆದಿದ್ದರು. ಮೀಟರಿನವರಿಗೂ ಪ್ರಸಾದ ಸಿಕ್ಕಿತ್ತು.

ನಾನು ಬಾಯಿ ತೆರೆದೆ. ಅತ್ತೆ ಆಗಲೇ ಅಂಗಳಕ್ಕೆ ಹೋಗಿ ನನ್ನ ನೆಗೆಣ್ಣಿಗೆ, ಭಾವನವರ ಹೆಂಡತಿಗೆ, ಹೇಳುತ್ತಿದ್ದರು. ಸಂಜೆಯ ಹೊತ್ತಿಗೆ ಎಡಬಲದ ಮನೆಗಳಿಗೂ ಸುದ್ದಿ ಮುಟ್ಟಿತು. ಇಪ್ಪತ್ತಾರು ವರ್ಷದಲ್ಲಿ ಅತ್ತೆ ನನ್ನನ್ನು ಬೈದದ್ದೂ ಕಡಿಮೆ, ಹೊಗಳಿದ್ದು ಇಲ್ಲವೇ ಇಲ್ಲ. ಸಾರು ಚೆನ್ನಾಗಿದ್ದರೆ ಇನ್ನೊಂದು ರೊಟ್ಟಿ ಕೇಳುತ್ತಿದ್ದರು, ಅದೇ ಹೊಗಳಿಕೆ. ಈಗ ಒಮ್ಮೆಲೇ ಇಷ್ಟು. ಅದೂ ನಾನು ಮಾಡದ ಕೆಲಸಕ್ಕೆ.

ಮುಂದಿನ ಮೂರು ದಿನ ನನ್ನ ತಲೆಯಲ್ಲಿ ಎರಡು ಮಾತು ಒಂದರ ಹಿಂದೊಂದು ತಿರುಗುತ್ತಿದ್ದವು. ಹೇಳಿಬಿಡಬೇಕು, ಗುರುವಾರ ಬಡಿಗ ಬರುತ್ತಾನೆ, ಅಳತೆ ತಗೊಂಡ ಮೇಲೆ ಮುಗಿಯಿತು. ಮರುಗಳಿಗೆ: ಏನೆಂದು ಹೇಳುವುದು? ದೇವರಿಗೆ ಅಲ್ಲ, ನಾನು ಕೂಡುವುದಕ್ಕೆ ಎಂದೇ? ದೇವರ ಎದುರಿಗೆ ನನ್ನ ಜಾಗದ ಮಾತು ಆಡಿದರೆ ಅದು ಎಷ್ಟು ಸಣ್ಣದಾಗಿ ಕೇಳಿಸುತ್ತದೆ. ಇನ್ನೊಂದು ಕಡೆ, ಅತ್ತೆ ಅಷ್ಟು ಸಂತೋಷಪಟ್ಟಿದ್ದು ನನಗೂ ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ಅವರು ಊಟದ ಹೊತ್ತಿಗೆ ನನ್ನ ತಾಟಿಗೆ ತುಪ್ಪ ಹಾಕಿದರು. ಬೇಡವೆನ್ನಲಿಲ್ಲ. ಹಾಗಾದರೆ ನಾನು ಯಾವುದಕ್ಕಾಗಿ ಸುಮ್ಮನಿದ್ದೇನೆ, ದೇವರಿಗಾಗಿಯೋ, ತುಪ್ಪಕ್ಕಾಗಿಯೋ?

ಆ ಮೂರು ದಿನ ನಾಲ್ಕನೆಯ ಮೆಟ್ಟಿಲಿಗೂ ಹೋಗಲಿಲ್ಲ. ಹೋದರೆ ಯಾರೋ ಲೆಕ್ಕ ಕೇಳುತ್ತಾರೆ ಅನ್ನಿಸುತ್ತಿತ್ತು.

ಬುಧವಾರ ಸಪ್ನಾ ಫೋನು ಮಾಡಿದಳು. ಮಾಸ್ತರರು ಆಕೆಗೆ ನೆಲದ ಫೋಟೋ ಕಳಿಸಿ, ಜಗಲಿಯನ್ನು ನಕ್ಷೆಯಲ್ಲಿ ಸೇರಿಸು ಎಂದಿದ್ದರಂತೆ.

“ಮೌಶಿ, ಇದು ಜಗಲಿನೋ, ಮೆಟ್ಟಿಲೋ?” ಎಂದು ಕೇಳಿದಳು.

ನೋಟುಬುಕ್ಕು ಓದಿದ್ದಾಳೆ. ಅತ್ತೆ ಎರಡು ಮಾರು ದೂರದಲ್ಲಿ ಹತ್ತಿ ಹೊಸೆಯುತ್ತ ಕುಳಿತಿದ್ದರು, ಹೊಸ ಜಗಲಿಯ ದೀಪಕ್ಕೆ ಬತ್ತಿ.

“ನನಗ ಗೊತ್ತಿಲ್ಲವ್ವ,” ಅಂದೆ.

ಆಕೆ, ಹಾಗಾದರೆ ನಾನೂ ಏನೂ ಬರೆಯುವುದಿಲ್ಲ, ನಕ್ಷೆಯಲ್ಲಿ ಆ ಜಾಗ ಬಿಟ್ಟುಬಿಡುತ್ತೇನೆ, ನಾಳೆ ಬಡಿಗ ಬಾಲಾಜಿಗೆ ನೀನೇ ಹೇಳು ಎಂದಳು. ನನಗೆ ಕೋಪ ಬಂತು. ಓದಿದ ಹುಡುಗಿ, ದೊಡ್ಡವರ ಹತ್ತಿರ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಆಮೇಲೆ ಅನ್ನಿಸಿತು, ಆಕೆ ಹೇಳಿದ್ದರೂ ನನಗೆ ಕೋಪವೇ ಬರುತ್ತಿತ್ತು.

ಗುರುವಾರ ಅತ್ತೆ ಮತ್ತು ನಾನು ಫ್ಲ್ಯಾಟಿಗೆ ಹೋದೆವು. ಮಾಸ್ತರರಿಗೆ ಶಾಲೆ. ಬಡಿಗ ಬಾಲಾಜಿ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದ. ಅವನ ಮನೆಮಾತು ಮರಾಠಿ, ನಮ್ಮ ಮಂದಿಯ ಜೊತೆ ಕೆಲಸ ಮಾಡಿ ಮಾಡಿ ಎರಡೂ ಕಲಸಿ ಆಡುತ್ತಾನೆ. ಕೋಣೆಗಳ ಅಳತೆ ಬೇಗ ಮುಗಿಸಿದ. ಹಾಲಿಗೆ ಬಂದು ಭಂಡಾರ ಕಂಡವನೇ ಚಪ್ಪಲಿ ಹೊರಗೆ ಬಿಟ್ಟು ಬಂದು, ಗೆರೆಯ ಹೊರಗೇ ಮಂಡಿಯೂರಿ, ಟೇಪನ್ನು ಚೌಕದ ಮೇಲೆ ಎತ್ತಿ ಹಿಡಿದು ಅಳೆದ. ಪೂಜೆಯಾದದ್ದನ್ನು ತುಳಿಯುವುದು ಹೇಗೆ ಎಂದ. ಉದ್ದ ಬರೆದ, ಅಗಲ ಬರೆದ. ಆಮೇಲೆ ತಲೆ ಎತ್ತಿದ.

“ಉಂಚಿ ಕಿತಿ, ವಹಿನಿ? ಎತ್ತರ ಎಷ್ಟು ಇಡಲಿ?”

ನೆಲದ ಗೆರೆಗೆ ಎತ್ತರ ಇರುವುದಿಲ್ಲ. ಅದು ನನಗೆ ಹೊಳೆದೇ ಇರಲಿಲ್ಲ.

ಅತ್ತೆ ಹೇಳತೊಡಗಿದರು: ಮೇಲಿನ ಹಂತ ಎದೆಮಟ್ಟ ಇರಲಿ, ಕುಳಿತು ಪೂಜೆ ಮಾಡುವವರ ಕಣ್ಣಿಗೆ ದೇವರ ಕಣ್ಣು ಹತ್ತಬೇಕು, ಕೆಳಗಿನದು ಅದಕ್ಕಿಂತ ಒಂದು ಗೇಣು ಕಡಿಮೆ. ಬಾಲಾಜಿ ಬರೆಯುವುದಕ್ಕೆ ಪೆನ್ಸಿಲ್ ತೆಗೆದ. ಆದರೆ ಆತ ನನ್ನನ್ನು ಕೇಳಿದ್ದ, ನನ್ನನ್ನೇ ನೋಡುತ್ತಿದ್ದ. ಇದು ಬಾಯಿಯಿಂದ ಆಗುವ ಕೆಲಸವಲ್ಲವೆಂದು ನನಗೆ ಗೊತ್ತಾಯಿತು. ನನ್ನ ಕೈ ತಾನಾಗಿ ಮೊಣಕಾಲಿಗೆ ಹೋಯಿತು. ಮೊಣಕಾಲ ಹಿಂದೆ, ಸೀರೆಯ ಮೇಲೆ, ಕೈಯಂಚು ಇಟ್ಟು ತೋರಿಸಿದೆ.

“ಇಷ್ಟು,” ಅಂದೆ. “ಮುಂದಿಂದು ಇದರ ಅರ್ಧ.”

ಬಾಲಾಜಿ ನಕ್ಕ. ಅಷ್ಟು ತಗ್ಗಿದರೆ ದೇವರಿಗೆ ಎಲ್ಲರ ಕಾಲು ತಾಗುತ್ತದಲ್ಲ ಎಂದ.

“ಅಷ್ಟ ತಗ್ಗಿನ್ಯಾಗ ದೇವರು ಯಾಕ?” ಎಂದರು ಅತ್ತೆ. ಅವರ ಕೈ ಚಂಚಿಯ ದಾರದ ಮೇಲೆ ನಿಂತಿತು.

“ಅದು ದೇವರಿಗಲ್ಲರೀ ಅತ್ತಿ. ನನಗ.”

ಹೈವೇ ಮೇಲೆ ಹೈದರಾಬಾದಿನ ಕಡೆ ಒಂದು ಲಾರಿ ಹೋಯಿತು, ಕಿಟಕಿಯ ಗಾಜು ಸಣ್ಣಗೆ ಅದುರಿತು. ಬಾಲಾಜಿ ಟೇಪನ್ನು ಎಳೆದು ಬಿಡುವುದು, ಎಳೆದು ಬಿಡುವುದು ಮಾಡುತ್ತಿದ್ದ.

“ನಿನಗ ಅಂದ್ರ?” ಎಂದರು ಅತ್ತೆ. “ಅಲ್ಲಿ ಏನ್ ಮಾಡ್ತಿ?”

“ಕೂಡ್ತೀನಿ.”

“ಕೂತು?”

ಗೊತ್ತಿಲ್ಲ ಎಂದೆ. ಖರೆಯೇ ಗೊತ್ತಿರಲಿಲ್ಲ. ಓದುತ್ತೇನೆ, ಹೊಲಿಯುತ್ತೇನೆ ಎಂದು ಏನಾದರೂ ಹೇಳಬಹುದಿತ್ತು. ಆ ಹೊತ್ತಿಗೆ ಸುಳ್ಳು ಹುಟ್ಟಲಿಲ್ಲ.

ಅತ್ತೆ ಕಿಟಕಿಯ ತನಕ ಹೋಗಿ, ಹೊರಗೆ ನೋಡಿ, ತಿರುಗಿ ಬಂದರು. “ಮಾಳಿಗಿ ಮೆಟ್ಟಿಲ ಮ್ಯಾಲ ಕೂಡ್ತಿದ್ದೆಲ್ಲ, ಹಂಗ?” ಅಂದರು.

ಅಂಗಳದಲ್ಲಿ ನಿಂತವರಿಗೆ ಅದು ಕಾಣುವುದಿಲ್ಲವೆಂದು ಇಷ್ಟು ವರ್ಷ ನಂಬಿದ್ದೆ.

“ನೀ ಅಳ್ಲಕ್ಕ ಹೋಗ್ತಿ ಅಂತ ತಿಳದಿದ್ದೆ,” ಅಂದರು. “ಲಗ್ನ ಆಗಿ ಬಂದ ವರ್ಷದಿಂದ. ಅದಕ್ಕ ಆ ಟೈಮಿನ್ಯಾಗ ನಾ ಎಂದೂ ಕರೀಲಿಲ್ಲ ನಿನಗ. ಯಾರಿಗೂ ಕರೀಗೊಡಲಿಲ್ಲ.”

“ಅಳ್ತಿರಲಿಲ್ಲರೀ.”

“ಮತ್ತ?”

ಮತ್ತೆ ಅದೇ ಪ್ರಶ್ನೆ. ನಾನು ತಲೆ ಅಲ್ಲಾಡಿಸಿದೆ. ಅತ್ತೆಯ ಮುಖದಲ್ಲಿ ಸಿಟ್ಟೂ ಇತ್ತು. ನಾನು ಅಳುತ್ತಿದ್ದರೆ ಅವರಿಗೆ ಸುಲಭವಾಗುತ್ತಿತ್ತೇನೋ. ಇಪ್ಪತ್ತಾರು ವರ್ಷ ನನ್ನ ಅಳುವಿಗೆ ಕಾವಲು ಕಾದು, ಈಗ ಅಳುವೇ ಇರಲಿಲ್ಲ ಎಂದರೆ ಯಾರಿಗಾದರೂ ಹೇಗಾಗಬೇಕು? ದಿನಾ ಅವರು ನನಗೆ ಕೊಟ್ಟ ಆ ಹತ್ತು ನಿಮಿಷವನ್ನು ನಾನು ತಿಳಿಯದೆ ತಗೊಂಡಿದ್ದೆ, ಅದೂ ಸುಳ್ಳು ಹೆಸರಿನಲ್ಲಿ.

“ಓಣಿ ತುಂಬ ಹೇಳೀನಿ,” ಅಂದರು ಅತ್ತೆ, ತಮಗೇ ಹೇಳಿಕೊಂಡಂತೆ. “ನಾ ಮಂದಿಗಿ ಏನ್ ಹೇಳ್ಲಿ ಈಗ?”

ಬೇಕಾದರೆ ಜಗಲಿಯೇ ಆಗಲಿ ಎಂದು ಹೇಳಲು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಮುಗಿಯುತ್ತಿತ್ತು, ತುಪ್ಪವೂ ನಿಲ್ಲುತ್ತಿರಲಿಲ್ಲ. ಅಷ್ಟರಲ್ಲಿ ಬಾಲಾಜಿ, ಇವರ ನಡುವೆ ತನ್ನ ದಿನ ಹಾಳಾಗುತ್ತದೆಂದೋ ಏನೋ, ಕೆಲಸದ ಮಾತಿಗೆ ಬಂದ. ಕೂಡುವುದಕ್ಕೆ ಆದರೆ ಹಲಗೆಯ ದಪ್ಪ ಬೇರೆ ಎಂದ. ಬೇವಿನ ಹಲಗೆ, ತೂಕ ತಡೆಯಬೇಕು.

“ಎಷ್ಟು ಜನಾ? ಒಬ್ಬರಿಗೋ, ಇಬ್ಬರಿಗೋ?”

ಅತ್ತೆ ನನ್ನನ್ನು ನೋಡಿದರು. ಅವರಿಗೂ ಕಾಲು ನೋವು, ಅವರಿಗೂ ಬೆಳಕು ಬೇಕು. ಇಬ್ಬರಿಗೆ ಎಂದರೆ ಎಲ್ಲ ಸರಿಹೋಗುತ್ತಿತ್ತು. ಒಳ್ಳೆಯ ಸೊಸೆಯರು ಇಬ್ಬರಿಗೆ ಎನ್ನುತ್ತಾರೆ.

“ಒಬ್ಬರಿಗಿ,” ಅಂದೆ.

ಧ್ವನಿ ಹೊರಬಂತೋ ಇಲ್ಲವೋ ಎಂದು ಅನುಮಾನವಾಯಿತು. ಬಾಲಾಜಿ ಬರೆದುಕೊಂಡ, ಹಾಗಾದರೆ ಬಂದಿರಬೇಕು. ಆತ ಗೆರೆಯ ಹತ್ತಿರ ಹೋಗಿ, ಇನ್ನು ಇದನ್ನು ಬಳಿಯಬಹುದೇ ಎಂದು ಕೇಳಿದ. ನಾನು ಪೊರಕೆ ತರಲು ಹೊರಟೆ.

“ಬಳೀಬ್ಯಾಡ,” ಎಂದರು ಅತ್ತೆ. “ಪೂಜಾ ಆಗ್ಯಾದ. ಅದರ ಮ್ಯಾಲೇ ಕೂಡಿಸು. ಮತ್ತ ಆ ಕಪಾಟಿಗಿ ಕದಾ ಹಚ್ಚಬ್ಯಾಡ.”

ಮರುದಿನದಿಂದ ನನ್ನ ತಾಟಿಗೆ ತುಪ್ಪ ಬೀಳಲಿಲ್ಲ. ಅತ್ತೆ ಬೈಯಲೂ ಇಲ್ಲ.

ನಾವು ಇಲ್ಲಿಗೆ ಬಂದು ಈಗ ಮೂರು ತಿಂಗಳು. ಗೋಡೆಗಳಿಗೆ ಸಪ್ನಾ ಒಣಗಿದ ಜೋಳದ ದಂಟಿನ ಬಣ್ಣ ಹಚ್ಚಿಸಿದ್ದಾಳೆ, ಸಂಜೆ ಹಳದಿ ಬಲ್ಬು ಹೊತ್ತಿಸಿದರೆ ಅದು ಇನ್ನಷ್ಟು ಬೆಚ್ಚಗಾಗುತ್ತದೆ. ಹೆಸರು ಕೊರೆಸಿದ ಭಾಂಡಿಗಳಲ್ಲಿ ದಿನಬಳಕೆಯವು ಕಪಾಟಿನ ಒಳಗಿವೆ, ಉಳಿದವು ಹಳೆ ಮನೆಯಲ್ಲೇ ಇವೆ. ಹಾಲಿನಲ್ಲಿ ಒಂದು ತಗ್ಗು ಸೋಫಾ, ಒಂದು ಮೇಜು, ಕೋರಾ ಬಟ್ಟೆಯ ಪರದೆ, ಅಷ್ಟೇ. ಮೊದಲ ದಿನ ಬಂದ ಎದುರು ಮನೆಯ ಅಂಬುಬಾಯಿ ಸುತ್ತ ನೋಡಿ, ನಿಮ್ಮ ಸಾಮಾನಿನ ಟೆಂಪೋ ಇನ್ನೂ ಬಂದಿಲ್ಲವೇನು ಎಂದು ಕೇಳಿದಳು. ಅಡುಗೆಮನೆಯ ಪಕ್ಕ ದೇವರು ಕದವಿಲ್ಲದ ಕಪಾಟಿನಲ್ಲಿದ್ದಾರೆ. ಇಡೀ ಮನೆಯಲ್ಲಿ ಕಣ್ಣಿಗೆ ಹೊಡೆಯುವ ಬಣ್ಣ ಎರಡೇ ಕಡೆ, ದೇವರ ಮೇಲಿನ ಚೆಂಡು ಹೂವು ಮತ್ತು ಕಿಟಕಿಯ ಕೆಳಗಿನ ಬೇವಿನ ಹಲಗೆಗೆ ಹಾಸಿದ ನನ್ನ ಅವ್ವನ ಕೌದಿ. ಹಲಗೆಯ ಕೆಳಗೆ ಎಲ್ಲೋ ಭಂಡಾರ ಇದೆ.

ದಿನಾ ಮಧ್ಯಾಹ್ನ ಅಲ್ಲಿ ಕೂಡುತ್ತೇನೆ. ಬೆನ್ನು ಸರಿಹೊಂದಿದೆ, ಕಾಲು ಸರಿಹೊಂದಿದೆ. ಬಾಲಾಜಿ ಒಂದು ನೂಲಿನಷ್ಟೂ ತಪ್ಪಿಲ್ಲ. ಆದರೂ ಮೊದಲ ಕೆಲವು ದಿನ ಯಾರೋ ಈಗ ಎಬ್ಬಿಸುತ್ತಾರೆಂದು ಕಿವಿ ನಿಮಿರಿಸಿಯೇ ಕುಳಿತಿದ್ದೆ. ಎಲ್ಲರಿಗೂ ಕಾಣುವ ಜಾಗದಲ್ಲಿ ಏನೂ ಮಾಡದೆ ಕೂಡುವುದು ಮೆಟ್ಟಿಲಿನ ಮರೆಯಲ್ಲಿ ಕುಳಿತಷ್ಟು ಸುಲಭವಲ್ಲ.

ನಿನ್ನೆ ಹಾಗೆ ಕುಳಿತಿದ್ದಾಗ ಬಾಗಿಲು ಬಡಿದ ಸಪ್ಪಳವಾಯಿತು. ಅಂಬುಬಾಯಿ. ವಿದ್ಯಾವತಿ ಇದ್ದಾಳೇನು, ಸಂತೆಗೆ ಬರುತ್ತಾಳೇನು ಎಂದು ಕೇಳುತ್ತಿದ್ದಳು. ನಾನು ಏಳಬೇಕೆನ್ನುವಷ್ಟರಲ್ಲಿ ಅತ್ತೆ ಬಾಗಿಲಿಗೆ ಹೋಗಿ, ಅರ್ಧ ತೆರೆದು, ಸಣ್ಣ ದನಿಯಲ್ಲಿ ಹೇಳಿದರು:

“ಆಕಿ ಪೂಜಾಕ್ಕ ಕೂತಾಳ. ಆಮ್ಯಾಲ ಬಾ.”

ಅಂಬುಬಾಯಿಯೂ ದನಿ ತಗ್ಗಿಸಿ ತಪ್ಪಾಯಿತೆಂದು ಹೋದಳು. ಅತ್ತೆಯ ಮಾತು ಎಷ್ಟು ಸರಾಗವಾಗಿ ಬಂತೆಂದರೆ, ಇದು ಮೊದಲ ಸಲವಲ್ಲವೆಂದು ನನಗೆ ಗೊತ್ತಾಯಿತು. ಓಣಿಯ ಮಂದಿಗೂ ಇದನ್ನೇ ಹೇಳಿರಬೇಕು. ಜಗಲಿ ಹೋಗಿಲ್ಲ, ಅಲ್ಲೇ ಇದೆ, ಸೊಸೆ ದಿನಾ ಪೂಜೆಗೆ ಕೂಡುತ್ತಾಳೆ.

ನಾನು ಪೂಜೆ ಮಾಡುತ್ತಿರಲಿಲ್ಲ. ಕಿಟಕಿಯ ಕಡೆ ಕತ್ತು ಹೊರಳಿಸಿ, ತೊಗರಿ ಹೊಲದಲ್ಲಿ ಒಬ್ಬಳು ಕೆಂಪು ಸೀರೆಯವಳು ಸಾಲಿನಿಂದ ಸಾಲಿಗೆ ಹೋಗುವುದನ್ನು ನೋಡುತ್ತಿದ್ದೆ. ಆದರೆ ಅತ್ತೆಯ ಮಾತು ಕಿವಿಗೆ ಬಿದ್ದ ಮೇಲೆ ಕೈ ಸುಮ್ಮನಿರಲಿಲ್ಲ. ಕೊರಳ ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡೆ. ಅತ್ತೆಯ ಮಾತು ಸುಳ್ಳಾಗದಿರಲಿ ಎಂದೋ, ಸುಳ್ಳಿನಲ್ಲಿ ನನ್ನ ಪಾಲು ನಾನೂ ಹೊರಲಿ ಎಂದೋ. ಯಾವ ಮಂತ್ರವೂ ಬಾಯಿಗೆ ಬರಲಿಲ್ಲ. ಅಂಗೈ ನಡುವೆ ಅದು ತಣ್ಣಗೆ ಕುಳಿತಿತ್ತು, ಅದರ ಮೇಲೂ ನನ್ನ ಮೊಣಕಾಲ ಮೇಲೂ ಎದುರು ಕಟ್ಟಡದಿಂದ ತಿರುಗಿ ಬಂದ ಅದೇ ಬಿಸಿಲು.

ಅತ್ತೆ ಬಾಗಿಲು ಹಾಕಿ ಬಂದರು. ನನ್ನ ಕೈ ನೋಡಿದರು.

“ಹೋದಳು,” ಅಂದರು. “ಕೂಡು ನೀ.”